ಪಂಪಿಂಗ್ ಎಷ್ಟಿದೆ ಎಂಬ ಪ್ರಶ್ನೆ, ಮತ್ತು ಶಾಕ್‌ಗೆ ಜಾರಿದ ಹೃದಯ

ಶಬ್ದತರಂಗಗಳಿಂದ ಹೃದಯವನ್ನು ತೋರಿಸುವ ಎಕೋ ಯಂತ್ರವನ್ನು ತಳ್ಳಿಕೊಂಡು ಐ.ಸಿ.ಯು.ದಿಂದ ಹೊರಬಂದಾಗ ಬಾಗಿಲ ಬಳಿ ಕಾದು ನಿಂತವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಡಾಕ್ಟ್ರೇ, ಪಂಪಿಂಗ್ ಎಷ್ಟಿದೆ?’ ಮೂವತ್ತು ಪರ್ಸೆಂಟ್ ಎಂದರೆ ಅವರ ಮುಖ ಕಪ್ಪಿಡುತ್ತದೆ, ಹೃದಯದ ಮುಕ್ಕಾಲು ಪಾಲು ಹೋಯಿತೆಂದೇ ತಿಳಿಯುತ್ತಾರೆ. ಅರವತ್ತು ಎಂದರೆ ದೇವರ ದಯೆ ಎಂದು ಕೈಮುಗಿಯುತ್ತಾರೆ. ಹೃದಯಾಘಾತದ ನಂತರ ಶಾಕ್‌ಗೆ ಜಾರಿದ ರೋಗಿಯ ವಿಷಯದಲ್ಲಿ ಈ ನಿರಾಶೆಯೂ ತಪ್ಪಾಗಬಹುದು, ಆ ನೆಮ್ಮದಿಯೂ ತಪ್ಪಾಗಬಹುದು. ವೈದ್ಯರಾದ ನಾವೂ ಅದೇ ಅಂಕಿಗೆ ಜೋತುಬೀಳುತ್ತೇವೆ ಎಂಬ ಕಾರಣಕ್ಕೇ ಈ ಬರಹ.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಹಾರ್ಟ್ ಅಟ್ಯಾಕ್‌ಗೆ ನಾವು ಹೃದಯಾಘಾತ ಎನ್ನುತ್ತೇವೆ, ಶಾಕ್ ಎಂಬುದಕ್ಕೂ ನಿಘಂಟು ಕೊಡುವ ಪದ ಆಘಾತವೇ. ಹೀಗಾಗಿ ‘ಹೃದಯಾಘಾತದ ನಂತರ ಆಘಾತವಾಗಿದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಶಾಕ್ ಆಗಿದೆ’ ಎಂದರೆ ಸುದ್ದಿ ಕೇಳಿ ಗಾಬರಿಯಾಗಿದ್ದಾರೆ ಎಂದೋ, ಕರೆಂಟ್ ಕೊಟ್ಟಿದ್ದಾರೆ ಎಂದೋ ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ನಾನು ಇಲ್ಲಿ ಶಾಕ್ ಎನ್ನುವುದು ಹೃದಯ ಮುಂದಕ್ಕೆ ತಳ್ಳುವ ರಕ್ತ ಮೆದುಳು, ಮೂತ್ರಪಿಂಡ, ಯಕೃತ್ತುಗಳ ಹಸಿವನ್ನು ತಣಿಸಲಾರದ ಸ್ಥಿತಿಗೆ. ಹೃದಯಾಘಾತವಾದ ಪ್ರತಿ ನೂರು ಜನರಲ್ಲಿ ಐದರಿಂದ ಹತ್ತು ಮಂದಿ ಈ ಸ್ಥಿತಿಗೆ ಬರುತ್ತಾರೆ, ಹಾಗೆ ಬಂದವರಲ್ಲಿ ಇಂದಿಗೂ ಹತ್ತಿರ ಹತ್ತಿರ ಅರ್ಧದಷ್ಟು ಜನರನ್ನು ನಾವು ಕಳೆದುಕೊಳ್ಳುತ್ತೇವೆ.

ಪುಸ್ತಕದ ವ್ಯಾಖ್ಯೆಯಂತೆ ಮೇಲಿನ ಬಿ.ಪಿ. 90ಕ್ಕಿಂತ ಕೆಳಗೆ ಅರ್ಧ ಗಂಟೆಯಾದರೂ ಇರಬೇಕು, ಅಥವಾ 90ನ್ನು ಉಳಿಸಿಕೊಳ್ಳಲು ಔಷಧ ಬೇಕಾಗಬೇಕು. ಜೊತೆಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಮೂತ್ರ, ತಣ್ಣಗಾದ ಕೈಕಾಲು, ಮಂಕಾದ ಅರಿವು, ರಕ್ತದಲ್ಲಿ 2ನ್ನು ದಾಟಿದ ಲ್ಯಾಕ್ಟೇಟ್ (ಆಮ್ಲಜನಕ ಸಾಲದ ಅಂಗಗಳು ಹೊರಬಿಡುವ ಆಮ್ಲ), ಇವುಗಳಲ್ಲಿ ಕೆಲವು ಕಾಣಬೇಕು. ಆದರೆ ಬಿ.ಪಿ. ತಡವಾಗಿ ಬೀಳುವ ಸಂಖ್ಯೆ ಎಂಬುದನ್ನು ಮರೆಯಬಾರದು. ರಕ್ತದ ಹರಿವು ಕುಗ್ಗಿದ ಕೂಡಲೇ ದೇಹ ತನ್ನ ರಕ್ತನಾಳಗಳನ್ನು ಬಿಗಿದು ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮಾನಿಟರ್ ಮೇಲೆ 104/84 ಎಂದು ಕಾಣುತ್ತಿರುವಾಗಲೇ ಮೂತ್ರದ ಚೀಲ ಬರಿದಾಗಿರಬಹುದು. ಆ 104ಕ್ಕಿಂತ, ಎರಡು ಅಂಕಿಗಳ ನಡುವೆ ಉಳಿದಿರುವ 20ರ ಸಣ್ಣ ಅಂತರ ನನ್ನನ್ನು ಹೆಚ್ಚು ಹೆದರಿಸುತ್ತದೆ. ಎದೆಯ ಮೇಲಿಡುವ ಎಕೋ ಪ್ರೋಬ್ ಹಿಡಿಯುವ ಮೊದಲು ನಾನು ರೋಗಿಯ ಮಂಡಿಯ ಮೇಲೆ ಅಂಗೈ ಇಡುತ್ತೇನೆ. ಪಾದ ಎ.ಸಿ. ಗಾಳಿಗೆ ತಣ್ಣಗಾಗಿರಬಹುದು, ಮಂಡಿಯೂ ಕೋಲ್ಡ್ ಸ್ಟೋರೇಜಿನಿಂದ ತೆಗೆದ ಹಣ್ಣಿನಂತೆ ತಣ್ಣಗಿದ್ದು, ಅದರ ಸುತ್ತ ನೇರಳೆ ಬಲೆಯಂಥ ಗುರುತು ಮೂಡಿದ್ದರೆ ಎಕೋ ಏನು ಹೇಳಲಿದೆ ಎಂಬುದರ ಅರ್ಧ ಅಲ್ಲೇ ತಿಳಿದಿರುತ್ತದೆ.

ಈಗ ಪಂಪಿಂಗ್ ವಿಷಯ. ನಾವು ಇ.ಎಫ್. ಎಂದು ಬರೆಯುವ ಎಜೆಕ್ಷನ್ ಫ್ರ್ಯಾಕ್ಷನ್ ಒಂದು ಅನುಪಾತ ಮಾತ್ರ: ಎಡ ಹೃತ್ಕುಕ್ಷಿಯಲ್ಲಿ, ಅಂದರೆ ದೇಹಕ್ಕೆ ರಕ್ತ ತಳ್ಳುವ ಕೆಳಗಿನ ಕೋಣೆಯಲ್ಲಿ, ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಬಿತ್ತು ಎಂಬುದು. ಆರೋಗ್ಯವಂತರಲ್ಲೂ ಅದು 55ರಿಂದ 70ರ ನಡುವೆ ಇರುತ್ತದೆ. ನೂರು ಯಾರಿಗೂ ಇರುವುದಿಲ್ಲ. ಅನುಪಾತ ಪ್ರಮಾಣವನ್ನು ಹೇಳುವುದಿಲ್ಲ. ಕೊಡದ ಮೂವತ್ತು ಪಾಲು ಬೇರೆ, ಚೊಂಬಿನ ಮೂವತ್ತು ಪಾಲು ಬೇರೆ. ವರ್ಷಗಳಿಂದ ಹಿಗ್ಗಿಹೋದ ಹೃದಯದಲ್ಲಿ 220 ಮಿ.ಲೀ. ತುಂಬುತ್ತಿದ್ದರೆ 30 ಶೇಕಡಾ ಎಂದರೆ 66 ಮಿ.ಲೀ., ಅಂಥವರು ಇ.ಎಫ್. 30 ಇಟ್ಟುಕೊಂಡೇ ಹೊರರೋಗಿ ವಿಭಾಗಕ್ಕೆ ನಡೆದು ಬರುತ್ತಾರೆ, ತೋಟಕ್ಕೂ ಹೋಗಿಬರುತ್ತಾರೆ. ನಿನ್ನೆಯವರೆಗೆ ಸರಿಯಾಗಿದ್ದು ಇಂದು ಬೆಳಿಗ್ಗೆ ಏಟು ತಿಂದ ಹೃದಯಕ್ಕೆ ಹಿಗ್ಗಲು ಸಮಯವೇ ಸಿಕ್ಕಿರುವುದಿಲ್ಲ; ಅದರಲ್ಲಿ ತುಂಬುವುದು 95 ಮಿ.ಲೀ., ಅದರ 30 ಶೇಕಡಾ ಎಂದರೆ 28 ಮಿ.ಲೀ. ಅದೇ ಅಂಕಿ, ಅರ್ಧಕ್ಕಿಂತ ಕಡಿಮೆ ರಕ್ತ.

ನಾನು ಇತ್ತೀಚೆಗೆ ನೋಡಿದ ಒಬ್ಬ ರೋಗಿಯ ಸ್ಥಿತಿ ಹೆಚ್ಚುಕಡಿಮೆ ಹೀಗೇ ಇತ್ತು. ಐವತ್ತರ ಆಸುಪಾಸಿನವರು, ಹೃದಯದ ಮುಂಭಾಗದ ಗೋಡೆಗೆ ರಕ್ತ ಕೊಡುವ ದೊಡ್ಡ ನಾಳ ಮುಚ್ಚಿಹೋಗಿ ಐದಾರು ಗಂಟೆಯಾದ ಮೇಲೆ ಬಂದವರು. ಬಿ.ಪಿ. 84/62, ನಾಡಿ 118, ಮಲಗಿಸಿದರೆ ಉಸಿರುಗಟ್ಟುತ್ತಿತ್ತು, ಆದ್ದರಿಂದ ಕುಳಿತ ಭಂಗಿಯಲ್ಲೇ, ಬೆವರಿಗೆ ಜಾರುವ ಎದೆಯ ಮೇಲೆ ಪ್ರೋಬ್ ನಿಲ್ಲಿಸಬೇಕಾಯಿತು. ಇ.ಎಫ್. ಕಣ್ಣಳತೆಗೆ 30. ನಾನು ಅಲ್ಲಿಗೆ ನಿಲ್ಲಿಸದೆ ಎಡ ಹೃತ್ಕುಕ್ಷಿಯ ಹೊರಬಾಗಿಲನ್ನು, ಅಂದರೆ ಮಹಾಪಧಮನಿಯ ಕವಾಟದ ಸ್ವಲ್ಪ ಕೆಳಗಿನ ಜಾಗವನ್ನು, ಹೃದಯದ ತುದಿಯ ಕಡೆಯಿಂದ ನೋಡುತ್ತ ಹಿಡಿದು ಅಲ್ಲಿ ರಕ್ತದ ವೇಗ ಅಳೆಯುವ ಡಾಪ್ಲರ್ ಇಟ್ಟೆ. ಪರದೆಯ ಮೇಲೆ ಪ್ರತಿ ಬಡಿತಕ್ಕೂ ಕೆಳಮುಖವಾದ ಒಂದು ತ್ರಿಕೋನ ಮೂಡುತ್ತದೆ. ಅದರ ಅಂಚನ್ನು ಗೆರೆ ಎಳೆದು ಸುತ್ತಿದರೆ ಯಂತ್ರ ಒಂದು ಸಂಖ್ಯೆ ಕೊಡುತ್ತದೆ. ಅದನ್ನು ನಾವು ವಿ.ಟಿ.ಐ. ಎನ್ನುತ್ತೇವೆ. ಒಂದು ಬಡಿತಕ್ಕೆ ರಕ್ತದ ಕಂಬ ಎಷ್ಟು ಸೆಂಟಿಮೀಟರ್ ಮುಂದೆ ಸರಿಯಿತು ಎಂಬುದೇ ಅದು. ಸಾಮಾನ್ಯವಾಗಿ 18ರಿಂದ 22 ಇರಬೇಕಾದದ್ದು ಇವರಲ್ಲಿ 9 ಇತ್ತು. ಆರೋಗ್ಯವಂತರ ಆ ತ್ರಿಕೋನ ಅಗಲವಾಗಿ, ತುಂಬಿಕೊಂಡಿರುತ್ತದೆ. ಇವರದು ಕೃಶವಾಗಿ, ಮೊನಚಾಗಿ, ಅವಸರದಲ್ಲಿ ಗೀಚಿದಂತೆ ಇತ್ತು. ಒಮ್ಮೆ ಅದನ್ನು ನೋಡಿದವರು ಮರೆಯಲಾರರು.

ಆ 9ರಿಂದ ಮುಂದಿನದೆಲ್ಲ ಶಾಲೆಯ ಗಣಿತ. ಹೊರಬಾಗಿಲಿನ ವ್ಯಾಸ 2 ಸೆಂ.ಮೀ., ಅಂದರೆ ವಿಸ್ತೀರ್ಣ 3.14, ಅದನ್ನು 9ರಿಂದ ಗುಣಿಸಿದರೆ ಬಡಿತಕ್ಕೆ 28 ಮಿ.ಲೀ.; ಅದನ್ನು 118ರಿಂದ ಗುಣಿಸಿದರೆ ನಿಮಿಷಕ್ಕೆ 3.3 ಲೀಟರ್. ದೇಹದ ಗಾತ್ರಕ್ಕೆ, ಅಂದರೆ ಮೈಯ ಪ್ರತಿ ಚದರ ಮೀಟರಿಗೆ, ಹೊಂದಿಸಿದಾಗ ಅದು 2.0 ಲೀಟರ್, ಶಾಕ್‌ನ ಗೆರೆಯೆಂದು ಒಪ್ಪಿಕೊಂಡಿರುವ 2.2ಕ್ಕಿಂತ ಕೆಳಗೆ. ಪತ್ರಿಕೆಯಲ್ಲಿ ಪ್ರತಿದಿನ ಕೆ.ಆರ್.ಎಸ್. ಅಣೆಕಟ್ಟೆಯ ನೀರಿನ ಮಟ್ಟವನ್ನೂ ಹೊರಹರಿವನ್ನೂ ಬೇರೆ ಬೇರೆ ಸಾಲುಗಳಲ್ಲಿ ಹಾಕುತ್ತಾರೆ. ಕಾಲುವೆಯ ಕೊನೆಯ ಗದ್ದೆಗೆ ಬೇಕಾದದ್ದು ಎರಡನೆಯ ಸಾಲು. ವಿ.ಟಿ.ಐ. ಆ ಎರಡನೆಯ ಸಾಲು.

ಹರಿವು ಒಂದೇ ಸಾಲದು, ಅದು ಎಷ್ಟು ಒತ್ತಡದ ಎದುರು ಹರಿಯುತ್ತಿದೆ ಎಂಬುದೂ ಬೇಕು. ಸರಾಸರಿ ರಕ್ತದೊತ್ತಡವನ್ನು ನಿಮಿಷದ ಹರಿವಿನಿಂದ ಗುಣಿಸಿ 451ರಿಂದ ಭಾಗಿಸಿದರೆ ಹೃದಯದ ಕೆಲಸದ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಹೃದಯದ್ದು ಸುಮಾರು 1 ವ್ಯಾಟ್. ಅಮೆರಿಕ ಕೇಂದ್ರಿತವಾಗಿ ನಡೆದ, ‘ಶಾಕ್’ ಎಂದೇ ಹೆಸರಿನ ಅಧ್ಯಯನದ ನೋಂದಣಿಯಲ್ಲಿದ್ದ ರೋಗಿಗಳ ಮಾಹಿತಿಯನ್ನು 2004ರಲ್ಲಿ ಪರಿಶೀಲಿಸಿದಾಗ, ಅಳೆದ ಎಲ್ಲ ಹರಿವು–ಒತ್ತಡಗಳಲ್ಲಿ ಆಸ್ಪತ್ರೆಯೊಳಗಿನ ಸಾವಿನೊಂದಿಗೆ ಅತ್ಯಂತ ಗಾಢವಾಗಿ ಹೊಂದಿಕೊಂಡ ಅಳತೆ ಇದೇ ಆಗಿತ್ತು, ಗಡಿ 0.53 ವ್ಯಾಟ್. ನನ್ನ ರೋಗಿಯದು 0.5. ಮನುಷ್ಯನೊಬ್ಬನ ಬದುಕು ಅರ್ಧ ವ್ಯಾಟ್ ಮೇಲೆ ನಿಂತಿರುವುದನ್ನು ಕಾಗದದ ಮೇಲೆ ಬರೆಯುವಾಗ ಇವತ್ತಿಗೂ ನನ್ನ ಪೆನ್ನು ಒಂದು ಕ್ಷಣ ತಡೆಯುತ್ತದೆ.

ಇ.ಎಫ್. ನಿರುಪಯೋಗಿ ಎಂದು ಇದರ ಅರ್ಥವಲ್ಲ. ಅದೇ ‘ಶಾಕ್’ ಅಧ್ಯಯನದಲ್ಲಿ, ಮುಚ್ಚಿದ ನಾಳವನ್ನು ಬೇಗ ತೆರೆದರೆ ಪ್ರಾಣ ಉಳಿಯುತ್ತದೆಯೇ ಎಂದು 302 ಜನರಲ್ಲಿ ಪರೀಕ್ಷಿಸಲಾಗಿತ್ತು. 1999ರಲ್ಲಿ ಪ್ರಕಟವಾದ ಮೂವತ್ತು ದಿನಗಳ ಫಲಿತಾಂಶದಲ್ಲಿ ವ್ಯತ್ಯಾಸ ಸ್ಪಷ್ಟವಾಗದಿದ್ದರೂ, ಒಂದು ವರ್ಷದ ಹೊತ್ತಿಗೆ ಬೇಗ ತೆರೆದವರಲ್ಲಿ 46.7 ಶೇಕಡಾ, ಉಳಿದವರಲ್ಲಿ 33.6 ಶೇಕಡಾ ಬದುಕಿದ್ದರು. ಆ ಗುಂಪಿನ ಎಕೋಗಳನ್ನು 2003ರಲ್ಲಿ ವಿಶ್ಲೇಷಿಸಿದಾಗ ಕಂಡ ಸರಾಸರಿ ಇ.ಎಫ್. ಸುಮಾರು 31. ಇ.ಎಫ್. 28ಕ್ಕಿಂತ ಕಡಿಮೆ ಇದ್ದವರಲ್ಲಿ ಒಂದು ವರ್ಷ ಬದುಕಿದವರು 24 ಶೇಕಡಾ, ಅದಕ್ಕಿಂತ ಹೆಚ್ಚಿದ್ದವರಲ್ಲಿ 56 ಶೇಕಡಾ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಎಷ್ಟು ಸೋರುತ್ತಿದೆ ಎಂಬುದೂ ಅಷ್ಟೇ ಬಲವಾಗಿ ಮುನ್ಸೂಚನೆ ಕೊಟ್ಟಿತು. ನನಗೆ ಮುಖ್ಯವಾಗಿ ಕಂಡದ್ದು ಬೇರೆಯೇ: ಇ.ಎಫ್. ಎಷ್ಟೇ ಇರಲಿ, ಕವಾಟ ಎಷ್ಟೇ ಸೋರಲಿ, ನಾಳವನ್ನು ಬೇಗ ತೆರೆದದ್ದರ ಲಾಭ ಎಲ್ಲರಿಗೂ ಸಿಕ್ಕಿತ್ತು. ಎಕೋದಲ್ಲಿ ಅಂಕಿ ತೀರಾ ಕಡಿಮೆ ಬಂತೆಂದು ಕೈಚೆಲ್ಲುವುದಕ್ಕೆ ಆಧಾರವಿಲ್ಲ. ಸರಾಸರಿ 31 ಎಂಬ ಅಂಕಿ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಶಾಕ್ ಇಲ್ಲದೆ ಬದುಕುವ ಎಷ್ಟೋ ಜನರ ಇ.ಎಫ್. ಅಷ್ಟೇ ಇರುವುದರಿಂದ, ಸ್ನಾಯುವಿನ ಬಲಹೀನತೆಯೊಂದೇ ಶಾಕ್‌ಗೆ ಕಾರಣವಾಗಿರಲಾರದು. ಹೃದಯಾಘಾತ ಎಬ್ಬಿಸುವ ಉರಿಯೂತ ರಕ್ತನಾಳಗಳನ್ನು ಸಡಿಲಗೊಳಿಸಿ ಒತ್ತಡವನ್ನು ಇನ್ನಷ್ಟು ಕೆಡಹುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬಲಗೊಂಡಿತು.

ಇನ್ನು ಅರವತ್ತರ ಸುಳ್ಳು ನೆಮ್ಮದಿ. ಇದನ್ನು ನಾನು ಪಾಠದಿಂದ ಕಲಿಯಲಿಲ್ಲ, ನನ್ನದೇ ತಪ್ಪಿನಿಂದ ಕಲಿತೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಹೃದಯದ ಕೆಳಗೋಡೆಗೆ ಸಣ್ಣ ಪ್ರಮಾಣದ ಹೃದಯಾಘಾತವಾಗಿ ಮೂರನೆಯ ದಿನ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಬಿ.ಪಿ. ಕುಸಿದ ಮಹಿಳೆಯೊಬ್ಬರಿಗೆ ರಾತ್ರಿ ಎಕೋ ಮಾಡಿ ‘ಇ.ಎಫ್. 65, ಎಡ ಹೃತ್ಕುಕ್ಷಿಯ ಕಾರ್ಯ ಉತ್ತಮ’ ಎಂದು ಬರೆದೆ. ಹೃದಯ ಚೆನ್ನಾಗಿದೆ ಎಂದ ಮೇಲೆ ಸೋಂಕಿನಿಂದ ಬಿ.ಪಿ. ಇಳಿದಿರಬೇಕೆಂದು ಭಾವಿಸಿ, ಈಗಾಗಲೇ ನೀರು ತುಂಬಿದ್ದ ಶ್ವಾಸಕೋಶಕ್ಕೆ ಇನ್ನಷ್ಟು ಗ್ಲೂಕೋಸ್ ನೀರು ಹೋಯಿತು. ಬೆಳಿಗ್ಗೆ ಹಿರಿಯರೊಬ್ಬರು ಪ್ರೋಬ್ ಇಟ್ಟು, ಎಡ ಹೃತ್ಕರ್ಣದೊಳಗೆ, ಅಂದರೆ ಎಡಭಾಗದ ಮೇಲಿನ ಕೋಣೆಯೊಳಗೆ, ಬಡಿತ ಬಡಿತಕ್ಕೂ ಚಾವಟಿಯಂತೆ ಬೀಸಿ ಬರುತ್ತಿದ್ದ ಸಣ್ಣ ಮಾಂಸದ ತುಣುಕೊಂದನ್ನು ತೋರಿಸಿದರು. ಮೈಟ್ರಲ್ ಕವಾಟವನ್ನು ಹಿಡಿದು ನಿಲ್ಲಿಸುವ ಪ್ಯಾಪಿಲರಿ ಸ್ನಾಯು ಹರಿದಿತ್ತು. ಹೃದಯ ಹಿಂಡುತ್ತಿದ್ದದ್ದು ನಿಜ, ನೂರರಲ್ಲಿ 65 ಮಿ.ಲೀ. ಹೊರಹೋಗುತ್ತಿದ್ದದ್ದೂ ನಿಜ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ, ಶ್ವಾಸಕೋಶದ ಕಡೆಗೇ ಹೋಗುತ್ತಿತ್ತು. ಆ ರಾತ್ರಿ ನಾನು ಹೊರಬಾಗಿಲಲ್ಲಿ ಡಾಪ್ಲರ್ ಇಟ್ಟು ಮುಂದಕ್ಕೆ ಹೋದದ್ದೆಷ್ಟು ಎಂದು ಅಳೆದಿದ್ದರೆ, ಇಷ್ಟು ಬಲವಾಗಿ ಹಿಂಡುವ ಹೃದಯದಿಂದ ಇಷ್ಟು ಕಡಿಮೆ ಹರಿವು ಹೇಗೆ ಬಂತು ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತಿತ್ತು. ಶಸ್ತ್ರಚಿಕಿತ್ಸೆಗೆ ಕಳುಹಿಸುವ ಹೊತ್ತಿಗೆ ತಡವಾಗಿತ್ತು.

ಈ ಅವಘಡ ದೊಡ್ಡ ಹೃದಯಾಘಾತದಲ್ಲೇ ಆಗಬೇಕೆಂದಿಲ್ಲ, ಅದೇ ಇದರ ಮೋಸ. ಎರಡು ಪ್ಯಾಪಿಲರಿ ಸ್ನಾಯುಗಳಲ್ಲಿ ಮುಂಭಾಗದ್ದಕ್ಕೆ ಎರಡು ನಾಳಗಳಿಂದ ರಕ್ತ ಬರುತ್ತದೆ, ಹಿಂಭಾಗದ್ದಕ್ಕೆ ಸಾಮಾನ್ಯವಾಗಿ ಒಂದೇ ನಾಳ. ಆ ಒಂದು ಮುಚ್ಚಿದರೆ ಉಳಿದ ಹೃದಯ ಗಟ್ಟಿಯಾಗಿದ್ದರೂ ಸ್ನಾಯುವಿನ ಬುಡ ಕೊಳೆತು ಹರಿಯಬಹುದು. ಸ್ಟೆತಸ್ಕೋಪಿಗೆ ಮರ್ಮರ ಕೇಳಿಸದೆಯೂ ಇರಬಹುದು, ಏಕೆಂದರೆ ಹೃತ್ಕುಕ್ಷಿಯ ಮತ್ತು ಹೃತ್ಕರ್ಣದ ಒತ್ತಡಗಳು ಬೇಗನೆ ಸಮವಾಗಿಬಿಡುತ್ತವೆ. ಇದೇ ಕಾರಣಕ್ಕೆ, ಜೊತೆಗೆ ಸೋರಿಕೆ ಗೋಡೆಗೆ ಅಂಟಿಕೊಂಡು ಓರೆಯಾಗಿ ಸಾಗುವುದರಿಂದಲೂ, ಕಲರ್ ಡಾಪ್ಲರಿನಲ್ಲಿ ಬಣ್ಣ ಸಣ್ಣದಾಗಿ ಕಂಡು ‘ಸ್ವಲ್ಪ ಸೋರಿಕೆ’ ಎಂಬ ತಪ್ಪು ವರದಿಯೂ ಹೊರಬೀಳುತ್ತದೆ. ಎದೆಯ ಮೇಲಿಂದ ಸ್ಪಷ್ಟವಾಗದಿದ್ದರೆ ಅನ್ನನಾಳದೊಳಗಿಂದ ಎಕೋ ಮಾಡಲೇಬೇಕು. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ತೂತಾಗುವುದು, ಹೊರಗೋಡೆ ಬಿರಿದು ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ಹೆಪ್ಪುಗಟ್ಟುವುದು ಇದರ ಇಬ್ಬರು ಒಡಹುಟ್ಟಿದವರು. ‘ಶಾಕ್’ ನೋಂದಣಿಯಲ್ಲಿ ಶಾಕ್‌ಗೆ ಕಾರಣ 78.5 ಶೇಕಡಾ ರೋಗಿಗಳಲ್ಲಿ ಎಡ ಹೃತ್ಕುಕ್ಷಿಯ ಸೋಲೇ ಆಗಿತ್ತು. ತೀವ್ರ ಮೈಟ್ರಲ್ ಸೋರಿಕೆ 6.9, ಗೋಡೆಯ ತೂತು 3.9, ಬಲ ಹೃತ್ಕುಕ್ಷಿಯೊಂದೇ ಸೋತದ್ದು 2.8, ಹೃದಯದ ಚೀಲದಲ್ಲಿ ರಕ್ತ 1.4 ಶೇಕಡಾ. ಸಣ್ಣ ಸಂಖ್ಯೆಗಳೇ, ಆದರೆ ಈ ರೋಗಿಗಳಿಗೆ ಬೇಕಾದದ್ದು ಬೇರೆಯೇ ಚಿಕಿತ್ಸೆ. ಹೃದಯಾಘಾತದ ನಂತರ ಶಾಕ್‌ನಲ್ಲಿರುವ ರೋಗಿಯ ಹೃದಯ ಚುರುಕಾಗಿ ಹಿಂಡುತ್ತಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೂ ಏನೋ ಹರಿದಿದೆ ಎಂದೇ ನಾನು ಹುಡುಕುತ್ತೇನೆ.

ಬಲ ಹೃತ್ಕುಕ್ಷಿಯನ್ನು ನೋಡದೆ ಪ್ರೋಬ್ ಎತ್ತಬಾರದು. ಕೆಳಗೋಡೆಯ ಹೃದಯಾಘಾತದಲ್ಲಿ ಕುತ್ತಿಗೆಯ ರಕ್ತನಾಳ ಉಬ್ಬಿ, ಶ್ವಾಸಕೋಶ ಸ್ವಚ್ಛವಾಗಿದ್ದು, ಬಿ.ಪಿ. ಬಿದ್ದಿದ್ದರೆ ಬಲಭಾಗ ಸೋತಿರುವ ಸಾಧ್ಯತೆ ಹೆಚ್ಚು. ಬಲ ಎದೆಗೆ ಇ.ಸಿ.ಜಿ. ತಂತಿ ಹಚ್ಚಿದರೆ ಎಸ್.ಟಿ. ಏರಿಕೆ ಎಂಬ ಹೃದಯಾಘಾತದ ಗುರುತು ಕಾಣುತ್ತದೆ, ಎಕೋದಲ್ಲಿ ಬಲ ಹೃತ್ಕುಕ್ಷಿ ಉಬ್ಬಿ, ಕವಾಟದ ಉಂಗುರ ಬಡಿತಕ್ಕೆ 17 ಮಿ.ಮೀ.ಗಿಂತ ಕಡಿಮೆ ಚಲಿಸುತ್ತದೆ. ಇಂಥವರಿಗೆ ಎದೆನೋವೆಂದು ರಕ್ತನಾಳಗಳನ್ನು ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟರೆ ಬಿ.ಪಿ. ತಳ ಹಿಡಿಯಬಹುದು. ನೀರು ಕೊಡಬೇಕು ಎಂಬ ಹಳೆಯ ಪಾಠವನ್ನೂ ಅತಿಯಾಗಿ ನಂಬಬಾರದು: ತುಂಬಿ ಉಬ್ಬಿದ ಬಲ ಹೃತ್ಕುಕ್ಷಿ ನಡುಗೋಡೆಯನ್ನು ಎಡಕ್ಕೆ ದೂಡಿ, ಎಡ ಹೃತ್ಕುಕ್ಷಿಗೆ ತುಂಬಿಕೊಳ್ಳಲು ಜಾಗವನ್ನೇ ಉಳಿಸುವುದಿಲ್ಲ. ಸ್ವಲ್ಪ ನೀರು ಕೊಟ್ಟು ವಿ.ಟಿ.ಐ. ಏರಿತೇ ಎಂದು ಮತ್ತೆ ಅಳೆಯುವುದೇ ಸರಿಯಾದ ದಾರಿ.

ಇಲ್ಲಿ ವಿ.ಟಿ.ಐ.ನ ಮಿತಿಯನ್ನೂ ಹೇಳಬೇಕು. ಡಾಪ್ಲರ್ ಗೆರೆ ರಕ್ತದ ಹರಿವಿಗೆ ಓರೆಯಾದರೆ ಸಂಖ್ಯೆ ಕಡಿಮೆ ಬರುತ್ತದೆ. ನಾಡಿ ಏರುಪೇರಾಗಿದ್ದರೆ ಐದಾರು ಬಡಿತಗಳ ಸರಾಸರಿ ತೆಗೆಯಬೇಕು. ಹೊರಬಾಗಿಲ ವ್ಯಾಸದ ಅಳತೆಯಲ್ಲಿ ಎರಡು ಮಿ.ಮೀ. ತಪ್ಪಿದರೆ ಅದು ವರ್ಗವಾಗಿ ಬೆಳೆದು ಹರಿವಿನ ಲೆಕ್ಕ ಶೇಕಡಾ 20ರಷ್ಟು ಹಾದಿ ತಪ್ಪುತ್ತದೆ. ವ್ಯಾಸ ಗಂಟೆ ಗಂಟೆಗೆ ಬದಲಾಗುವುದಿಲ್ಲವಾದ್ದರಿಂದ ನಾನು ಲೀಟರ್ ಲೆಕ್ಕಕ್ಕಿಂತ ವಿ.ಟಿ.ಐ.ನ ಏರಿಳಿತವನ್ನೇ ಹೆಚ್ಚು ನಂಬುತ್ತೇನೆ. ಇನ್ನೊಂದು ಅಪರೂಪದ ಬಲೆ: ಮುಂಭಾಗದ ಗೋಡೆ ಸೋತು ಬುಡದ ಭಾಗ ಅತಿಯಾಗಿ ಹಿಂಡಿದಾಗ ಹೊರಬಾಗಿಲೇ ಕಿರಿದಾಗುತ್ತದೆ, ಆಗ ಹೃದಯವನ್ನು ಜೋರಾಗಿ ಹಿಂಡಿಸುವ ಡೋಬುಟಮಿನ್ ಔಷಧವನ್ನು ಏರಿಸಿದಷ್ಟೂ ಬಿ.ಪಿ. ಇಳಿಯುತ್ತದೆ. ಔಷಧ ಹೆಚ್ಚಿಸಿದಾಗ ರೋಗಿ ಕೆಡುತ್ತಿದ್ದರೆ ಇದನ್ನು ನೆನೆಯಬೇಕು.

ಎಕೋ ಎಲ್ಲವನ್ನೂ ಹೇಳಲಾರದ ಹೊತ್ತಿಗೆ ಹಳೆಯ ಕ್ಯಾತಿಟರ್ ಇದೆ. 1970ರಲ್ಲಿ ಲಾಸ್ ಏಂಜಲೀಸ್‌ನ ಜೆರೆಮಿ ಸ್ವಾನ್ ಮತ್ತು ವಿಲಿಯಂ ಗ್ಯಾನ್ಸ್ ತುದಿಯಲ್ಲಿ ಪುಟ್ಟ ಬಲೂನಿರುವ ನಳಿಕೆಯನ್ನು ರಕ್ತದ ಹರಿವೇ ಹೃದಯದ ಮೂಲಕ ಶ್ವಾಸಕೋಶದ ನಾಳಕ್ಕೆ ಒಯ್ಯುವಂತೆ ಮಾಡಿದರು. ಸಾಂತಾ ಮೋನಿಕಾದ ಕಡಲಲ್ಲಿ ಹಾಯಿದೋಣಿ ನೋಡಿದಾಗ ಸ್ವಾನ್ ಅವರಿಗೆ ಈ ಯೋಚನೆ ಹೊಳೆಯಿತಂತೆ. ಶಾಕ್ ಬೇರೂರಿ ಎರಡು ಮೂರು ಔಷಧಗಳು ಓಡುತ್ತಿರುವಾಗ, ಬಲ ಎಡಗಳೆರಡೂ ಸೋತಿರುವ ಅನುಮಾನವಿದ್ದಾಗ ಇದು ಕೊಡುವ ಒತ್ತಡಗಳಿಗೆ ಬದಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಎಲ್ಲರಿಗೂ ಹಾಕಿ ನೋಡುವ ಕಾಲ ಮುಗಿದಿದೆ.

ಇಷ್ಟು ಅಳೆಯುವುದು ಏತಕ್ಕೆಂದರೆ, ಚಿಕಿತ್ಸೆಯ ಆಯ್ಕೆ ಈ ಅಳತೆಗಳ ಮೇಲೆ ನಿಂತಿದೆ. ಹೃದಯಕ್ಕೆ ಆಸರೆಯಾಗಲೆಂದು ದಶಕಗಳ ಕಾಲ ಎಲ್ಲರಿಗೂ ಮಹಾಪಧಮನಿಯೊಳಗೆ ಹಾಕುತ್ತಿದ್ದ ಬಲೂನ್ ಪಂಪ್ 2012ರ 600 ರೋಗಿಗಳ ಜರ್ಮನ್ ಅಧ್ಯಯನದಲ್ಲಿ ಸಾವನ್ನು ತಗ್ಗಿಸಲಿಲ್ಲ: ಹಾಕಿದವರಲ್ಲಿ 39.7 ಶೇಕಡಾ, ಹಾಕದವರಲ್ಲಿ 41.3. ರಕ್ತವನ್ನು ಹೊರಗೆಳೆದು ಆಮ್ಲಜನಕ ಬೆರೆಸಿ ಮರಳಿ ತಳ್ಳುವ ಎಕ್ಮೋ ಯಂತ್ರ ಕೂಡ 2023ರಲ್ಲಿ ಅದೇ ದಾರಿ ಹಿಡಿಯಿತು. 2024ರ ಡೇಂಜರ್ ಅಧ್ಯಯನದಲ್ಲಿ ಮಾತ್ರ, ಹೃದಯದೊಳಗೆ ಕೂರುವ ಸಣ್ಣ ತಿರುಗುವ ಪಂಪ್ ಆರು ತಿಂಗಳ ಸಾವನ್ನು 58.5ರಿಂದ 45.8 ಶೇಕಡಾಕ್ಕೆ ಇಳಿಸಿತು, ರಕ್ತಸ್ರಾವ ಮತ್ತು ಕಾಲಿನ ರಕ್ತಸಂಚಾರದ ತೊಂದರೆಗಳನ್ನು ಹೆಚ್ಚಿಸಿಯೂ. ಅಲ್ಲಿ ಸೇರಿಸಿಕೊಂಡವರು ಯಾರು ಎಂದು ನೋಡಿ: ಇ.ಎಫ್. 45ಕ್ಕಿಂತ ಕಡಿಮೆ ಇದ್ದು, ಎಡ ಹೃತ್ಕುಕ್ಷಿಯೇ ಪ್ರಧಾನವಾಗಿ ಸೋತವರು. ಬಲಭಾಗ ಸೋತವರನ್ನು, ಗೋಡೆ ಕವಾಟ ಹರಿದವರನ್ನು, ಪ್ರಜ್ಞೆ ಮರಳದವರನ್ನು ಎಕೋ ಮತ್ತು ಪರೀಕ್ಷೆಗಳಿಂದಲೇ ಹೊರಗಿಟ್ಟಿದ್ದರು.

ನಮ್ಮ ರಾಜ್ಯದ ಹೆಚ್ಚಿನ ಊರುಗಳಲ್ಲಿ ಇಂಥ ಪಂಪ್ ಕನಸಿನ ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ಕೇಂದ್ರದ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿರುವುದು ದೊಡ್ಡ ಹೆಜ್ಜೆ. ಆದರೆ ಶಾಕ್‌ನಲ್ಲಿರುವ ರೋಗಿಯಲ್ಲಿ ಆ ಮದ್ದಿನ ಕೆಲಸ ಮಂದ, ಹೆಪ್ಪಿನವರೆಗೆ ಅದನ್ನು ಒಯ್ಯಲು ಒತ್ತಡವೇ ಇರುವುದಿಲ್ಲ; ಆದ್ದರಿಂದ ನಳಿಕೆ ಹಾಕಿ ನಾಳ ತೆರೆಯುವ ಕ್ಯಾತ್‌ಲ್ಯಾಬ್ ಇರುವಲ್ಲಿಗೆ ಕಳುಹಿಸುವ ನಿರ್ಧಾರ ತಡವಾಗಬಾರದು. ಎಕೋ ಆ ಪಯಣವನ್ನು ತಡೆಯಲೇಬಾರದು. ಐದು ನಿಮಿಷದಲ್ಲಿ ಎಡ, ಬಲ, ಕವಾಟ, ಗೋಡೆ, ಸುತ್ತಲಿನ ಚೀಲ, ಹೊರಬಾಗಿಲ ಹರಿವು, ಇಷ್ಟು ನೋಡಿದರೆ ಸಾಕು. ಇ.ಎಫ್.ನ ಎರಡನೆಯ ಅಂಕಿ ಐದೋ ಎಂಟೋ ಎಂದು ಸುತ್ತುತ್ತ ಕೂರುವ ಹೊತ್ತು ಅದಲ್ಲ.

ಆ ಐವತ್ತರ ರೋಗಿಯ ನಾಳವನ್ನು ತೆರೆದ ಮರುದಿನವೂ ಇ.ಎಫ್. 30ರಲ್ಲೇ ಇತ್ತು, ಮನೆಯವರು ಅದನ್ನು ಕೇಳಿ ಕುಗ್ಗಿದರು. ರಕ್ತ ಮರಳಿದ ಮೇಲೂ ಸ್ನಾಯು ದಿನಗಟ್ಟಲೆ, ವಾರಗಟ್ಟಲೆ ಮರಗಟ್ಟಿದಂತೆ ಮಲಗಿರುತ್ತದೆ, ಸತ್ತಿರುವುದಿಲ್ಲ. ಯೂಜೀನ್ ಬ್ರೌನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ 1982ರಲ್ಲಿ ಈ ಸ್ಥಿತಿಯನ್ನು ವಿವರಿಸಿದ್ದರು. ನನ್ನ ರೋಗಿಯ ವಿ.ಟಿ.ಐ. ಮಾತ್ರ 9ರಿಂದ 13ಕ್ಕೆ ಬಂದಿತ್ತು, ಬಿ.ಪಿ. ಎತ್ತಿಹಿಡಿಯುವ ನಾರ್ ಅಡ್ರಿನಲಿನ್ ಅರ್ಧಕ್ಕೆ ಇಳಿದಿತ್ತು, ಮಂಡಿ ಬೆಚ್ಚಗಿತ್ತು. ನಾನು ಹೊರಗೆ ಬಂದು ಅವರ ಮಗಳಿಗೆ ಪರ್ಸೆಂಟ್ ಹೇಳಲಿಲ್ಲ. ನಿನ್ನೆ ಬಡಿತಕ್ಕೆ ಸುಮಾರು 28 ಮಿ.ಲೀ. ಹೋಗುತ್ತಿತ್ತು, ಇಂದು ಮದ್ದು ಕಡಿಮೆ ಮಾಡಿದ ಮೇಲೂ 40ರಷ್ಟು ಹೋಗುತ್ತಿದೆ, ರಾತ್ರಿ ಗಂಟೆಗೆ 60 ಮಿ.ಲೀ. ಮೂತ್ರ ಬಂದಿದೆ ಎಂದೆ. ಈಗ ನಾನು ಬರೆಯುವ ವರದಿಯ ಮೊದಲ ಸಾಲಿನಲ್ಲಿ ಗಂಟೆ, ಬಿ.ಪಿ., ಓಡುತ್ತಿರುವ ಔಷಧ ಮತ್ತು ಅದರ ಪ್ರಮಾಣ ಇರುತ್ತವೆ, ಎರಡನೆಯದರಲ್ಲಿ ವಿ.ಟಿ.ಐ.; ಮೂರನೆಯದರಲ್ಲಿ ಕವಾಟ, ಗೋಡೆ ಮತ್ತು ಬಲಭಾಗ; ಇ.ಎಫ್. ಅದರ ಕೆಳಗಿನ ಸಾಲಿನಲ್ಲಿರುತ್ತದೆ.